ಮದ್ದು ನಾಟದ ಬ್ಯಾಕ್ಟೀರಿಯಾ ಮತ್ತು ಮುಂಬೈಯ ಹದ್ದುಗಳು

ಚೆಂಬೂರಿನ ನಮ್ಮ ಗಲ್ಲಿಯ ಕೋಳಿ ಅಂಗಡಿಯ ಮಗ್ಗುಲಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಇದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಅದರೊಳಗೆ ಪುಕ್ಕ, ಕರುಳು, ಕಾಲು, ತಲೆಗಳು ಬೀಳತೊಡಗುತ್ತವೆ; ಅದನ್ನು ಒಯ್ಯುವ ಗಾಡಿ ಬರುವಾಗ ಹನ್ನೊಂದು ದಾಟಿರುತ್ತದೆ. ನಡುವಿನ ಮೂರು ತಾಸು ಎದುರು ಕಟ್ಟಡದ ತಾರಸಿಯ ಮೇಲೆ ಕಾದು ಕುಳಿತ ಹದ್ದುಗಳಿಗೆ ಸೇರಿದ್ದು. ಅವು ಒಂದೊಂದಾಗಿ ಇಳಿಯುತ್ತವೆ, ನೆಲಕ್ಕೆ ಕಾಲೂರದೆ ಡ್ರಮ್ಮಿನ ಬಾಯಿಯಿಂದಲೇ ಕರುಳಿನ ತುಂಡೊಂದನ್ನು ಉಗುರಿಗೆ ಸಿಕ್ಕಿಸಿಕೊಂಡು ಮೇಲೇರುತ್ತವೆ, ಹಾರುತ್ತಲೇ ಕಾಲನ್ನು ಮುಂದೆ ಚಾಚಿ ಕತ್ತು ಬಾಗಿಸಿ ಅದನ್ನು ತಿಂದು ಮುಗಿಸಿ, ಮತ್ತೆ ಅದೇ ತಾರಸಿಯ ನೀರಿನ ಟಾಂಕಿಯ ಮೇಲೆ ಬಂದು ಕೂರುತ್ತವೆ. ಟಾಂಕಿಯ ಮುಚ್ಚಳದ ಒಂದು ಮೂಲೆ ಒಡೆದಿದೆ. ಮುಚ್ಚಳದ ಮೇಲೆಲ್ಲ ಒಣಗಿದ ಹಿಕ್ಕೆಯ ಬಿಳಿ ಕಲೆಗಳು.

ಇಲ್ಲಿ ಹದ್ದು ಎನ್ನುವುದು ಮರಾಠಿಯವರು ‘ಘಾರ್’ ಎಂದು ಕರೆಯುವ, ಮೈಯೆಲ್ಲ ಕಂದು ಬಣ್ಣದ, ಬಾಲದ ತುದಿ ಕವಲೊಡೆದ ಹಕ್ಕಿಯನ್ನು. ಬಿಳಿ ತಲೆಯ, ಕೆಂಗಂದು ರೆಕ್ಕೆಯ, ಕಂಡೊಡನೆ ಊರಿನ ಹಿರಿಯರು ಕೈ ಮುಗಿಯುವ ಗರುಡ ಬೇರೆ. ಸತ್ತ ದನಗಳ ಮೇಲೆ ಎರಗುತ್ತಿದ್ದ ರಣಹದ್ದು ಬೇರೆ. ಮೂರೂ ಈ ಲೇಖನದಲ್ಲಿ ಬರುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕಾಯಿತು.

ಬೇಟೆಯಾಡುವ ಮತ್ತು ಸತ್ತದ್ದನ್ನು ತಿನ್ನುವ ಕಾಡುಹಕ್ಕಿಗಳ ಕರುಳಿನಲ್ಲಿ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಸಿಗುತ್ತಿರುವುದು ಈಗ ಹೊಸ ಸುದ್ದಿಯೇನಲ್ಲ. ಪೋರ್ಚುಗಲ್, ಜರ್ಮನಿ, ಮಂಗೋಲಿಯ, ಪಾಕಿಸ್ತಾನಗಳಿಂದ ಇಂತಹ ವರದಿಗಳು ಬಂದಿವೆ. ಹದ್ದಿನ ಮಟ್ಟಿಗೆ ತುಂಬಾ ಸ್ಪಷ್ಟವಾದ ಚಿತ್ರ ಸಿಕ್ಕಿದ್ದು ಸೈಬೀರಿಯದ ನೈಋತ್ಯ ಭಾಗದಿಂದ. 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಜನವಸತಿಯ ಆಸುಪಾಸಿನಲ್ಲಿ ಬದುಕುವ 55 ಹದ್ದುಗಳ ಗುದದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಯಲಾಯಿತು. 35 ಹದ್ದುಗಳಲ್ಲಿ, ಅಂದರೆ ನೂರಕ್ಕೆ 64ರಷ್ಟು ಹದ್ದುಗಳಲ್ಲಿ, ಔಷಧ ನಿರೋಧಕ ಇ. ಕೊಲೈ (ಕರುಳಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ) ಸಿಕ್ಕಿತು, ಅವುಗಳಲ್ಲಿ ಬಹುಪಾಲು ಒಂದಕ್ಕಿಂತ ಹೆಚ್ಚು ಬಗೆಯ ಔಷಧಗಳನ್ನು ತಡೆದುಕೊಳ್ಳುವಂಥವು. ಎರಡು ದೊಡ್ಡ ನಗರಗಳ ಸಮೀಪದ ಹದ್ದುಗಳಲ್ಲಿ ಎಂಸಿಆರ್-1 ಎಂಬ ಜೀನ್ ಕೂಡ ಇತ್ತು. ಬೇರೆ ಯಾವ ಔಷಧವೂ ಕೆಲಸ ಮಾಡದಾಗ ವೈದ್ಯರು ಹಿಂಜರಿಯುತ್ತಲೇ ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ ಅನ್ನು ನಿಷ್ಫಲಗೊಳಿಸುವ ಜೀನ್ ಅದು. ಹದ್ದು ಕೊಲಿಸ್ಟಿನ್ ತಿಂದದ್ದಿಲ್ಲ. ಅದಕ್ಕೆ ಯಾರೂ ಚೀಟಿ ಬರೆದುಕೊಟ್ಟಿಲ್ಲ.

ಈ ವಿಷಯವನ್ನು ನಾನು ಓದತೊಡಗಿದ್ದು ಹಕ್ಕಿಯ ದೆಸೆಯಿಂದಲ್ಲ, ಮನೆಯಲ್ಲಿ ಬಂದ ಒಂದು ಕಾಯಿಲೆಯಿಂದ. ನಮ್ಮ ಅತ್ತೆಗೆ ಉರಿಮೂತ್ರವಾಗಿ ಚಳಿಜ್ವರ ಬಂತು. ಮೊದಲು ಕೊಟ್ಟ ಗುಳಿಗೆ ಮುಗಿದರೂ ಜ್ವರ ಇಳಿಯಲಿಲ್ಲ, ಎರಡನೆಯದಕ್ಕೂ ಇಳಿಯಲಿಲ್ಲ. ಆಮೇಲೆ ಮೂತ್ರದ ಕಲ್ಚರ್ ಮಾಡಿಸಿದೆವು. ಆ ವರದಿಯ ಹಾಳೆಯಲ್ಲಿ ಎಡಕ್ಕೆ ಔಷಧಗಳ ಹೆಸರಿನ ಉದ್ದನೆಯ ಪಟ್ಟಿ, ಬಲಕ್ಕೆ ಒಂದೊಂದೇ ಅಕ್ಷರ. ‘ಎಸ್’ ಎಂದರೆ ಆ ಔಷಧ ನಾಟುತ್ತದೆ, ‘ಆರ್’ ಎಂದರೆ ನಾಟುವುದಿಲ್ಲ. ಮೇಲಿನಿಂದ ಕೆಳಕ್ಕೆ ಬೆರಳಿಟ್ಟುಕೊಂಡು ಬಂದರೆ ಆರ್, ಆರ್, ಆರ್. ಎಸ್ ಎಂದಿದ್ದುದು ಮೂರರ ಮುಂದೆ ಮಾತ್ರ, ಮೂರೂ ಇಂಜೆಕ್ಷನ್‌ಗಳು. ‘ಇಷ್ಟೊಂದು ಮದ್ದು ಉಂಟು, ಒಂದೂ ನಾಟುವುದಿಲ್ವಾ?’ ಎಂದು ಅತ್ತೆ ಕೇಳಿದ್ದು ನನಗೆ ಮರೆಯುವುದಿಲ್ಲ. ವಾರವಿಡೀ ದಿನಕ್ಕೆ ಮೂರು ಹೊತ್ತು ಸೂಜಿ ಚುಚ್ಚಿಸಿಕೊಂಡು ಅವರು ಗುಣವಾದರು. ಅವರ ಮೂತ್ರದಲ್ಲಿದ್ದುದೂ ಇ. ಕೊಲೈ. ಅದಕ್ಕೂ ಹದ್ದಿಗೂ ನಂಟು ಹಚ್ಚಲು ನಾನು ಹೊರಟಿಲ್ಲ. ಹಕ್ಕಿಯ ಕರುಳಿನಲ್ಲೂ ನಮ್ಮ ಮನೆಯ ಹಿರಿಯರ ಮೂತ್ರಕೋಶದಲ್ಲೂ ಒಂದೇ ಜಾತಿಯ ಬ್ಯಾಕ್ಟೀರಿಯಾ ಒಂದೇ ಬಗೆಯ ಆಯುಧ ಹಿಡಿದು ನಿಂತಿರುವುದು ಹೇಗೆ ಎಂಬುದು ನನ್ನ ಪ್ರಶ್ನೆ.

‘ಆ್ಯಂಟಿಬಯಾಟಿಕ್ ತಿಂದು ತಿಂದು ನನ್ನ ದೇಹಕ್ಕೆ ಅದು ಒಗ್ಗಿಹೋಗಿದೆ’ ಎಂದು ಬಹಳ ಜನ ಹೇಳುವುದುಂಟು. ಔಷಧಕ್ಕೆ ಒಗ್ಗಿಕೊಳ್ಳುವುದು ದೇಹವಲ್ಲ, ಬ್ಯಾಕ್ಟೀರಿಯಾ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಕೆಲವು ತಮ್ಮ ಜೀನ್‌ಗಳ ಬಲದಿಂದ ಔಷಧವನ್ನು ಒಡೆಯಬಲ್ಲವು ಅಥವಾ ಹೊರದೂಡಬಲ್ಲವು; ಔಷಧ ಬಿದ್ದಾಗ ಉಳಿದವು ಸತ್ತು ಅವಷ್ಟೇ ಉಳಿದು ಹೆಚ್ಚುತ್ತವೆ. ಪೆನಿಸಿಲಿನ್ ಮತ್ತು ಅದರ ನಂಟಿನ ಔಷಧಗಳನ್ನು ತುಂಡರಿಸುವ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವಗಳು ಇಂತಹ ಆಯುಧಗಳಲ್ಲಿ ಮುಖ್ಯವಾದವು. ಅವುಗಳಲ್ಲೇ ಇನ್ನಷ್ಟು ಬಲವಾದ, ಇಎಸ್‌ಬಿಎಲ್ ಎಂಬ ಹೆಸರಿನ ಗುಂಪು ಸೆಫಲೋಸ್ಪೋರಿನ್ ವರ್ಗದ ಬಹುತೇಕ ಔಷಧಗಳನ್ನು ವ್ಯರ್ಥಗೊಳಿಸುತ್ತದೆ. ಸೈಬೀರಿಯದ ಹದ್ದುಗಳ ಇ. ಕೊಲೈಗಳಲ್ಲಿ ಪೂರ್ಣ ಜೀನ್ ಸರಣಿ ಓದಿದ 36ರ ಪೈಕಿ 27ರಲ್ಲಿ ಈ ಗುಂಪಿನ ಅಥವಾ ಇದನ್ನು ಹೋಲುವ ಕಿಣ್ವಗಳಿದ್ದವು.

ಇನ್ನೂ ಚಿಂತೆಯ ಸಂಗತಿಯೆಂದರೆ ಈ ಜೀನ್‌ಗಳು ತಾಯಿಯಿಂದ ಮಗಳಿಗೆ ಇಳಿಯುವುದಕ್ಕಷ್ಟೇ ಕಾಯುವುದಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಂತಹ ಡಿಎನ್‌ಎ ತುಣುಕುಗಳಲ್ಲಿ ಕುಳಿತು, ಅಡುಗೆಯ ಚೀಟಿಯೊಂದು ಮನೆಯಿಂದ ಮನೆಗೆ ದಾಟಿದ ಹಾಗೆ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತವೆ. ಆದ್ದರಿಂದ ಕೋಳಿಯ ಕರುಳಿನಿಂದ ಬಂದದ್ದು, ಚರಂಡಿಯ ಇಲಿಯಿಂದ ಬಂದದ್ದು, ಮನುಷ್ಯನ ಮಲದಿಂದ ಬಂದದ್ದು ಎಲ್ಲವೂ ಒಟ್ಟಿಗೆ ಸೇರುವ ಜಾಗ ಈ ವಿನಿಮಯಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಗಟಾರ ಅಂತಹ ಒಂದು ಜಾಗ, ಕಸದ ಬೆಟ್ಟ ಇನ್ನೊಂದು, ಹದ್ದಿನ ಕರುಳು ಮತ್ತೊಂದು. ಸತ್ತ ಪಾರಿವಾಳ, ಇಲಿ, ಮೀನಿನ ತಲೆ, ಕಸಾಯಿಖಾನೆಯ ಚೂರು, ಮದುವೆ ಮನೆಯ ಎಂಜಲು ಇವೆಲ್ಲವನ್ನೂ ಒಂದೇ ದಿನದಲ್ಲಿ ತಿನ್ನುವ ಪ್ರಾಣಿ ಈ ನಗರದಲ್ಲಿ ಹದ್ದಿನಷ್ಟು ಬೇರೆ ಇರಲಿಕ್ಕಿಲ್ಲ.

ಮುಂಬೈ ಹದ್ದಿಗೆ ಹಾಕಿರುವ ಊಟದೆಲೆಯನ್ನು ನೋಡಿ. 1927ರಿಂದ ಕಸ ಸುರಿಸಿಕೊಳ್ಳುತ್ತ ಬಂದ ದೇವನಾರ್ ಗುಡ್ಡ, ಅದರಿಂದ ದೂರವೇನಿಲ್ಲದ, 1971ರಿಂದ ನಡೆಯುತ್ತಿರುವ ದೇವನಾರ್ ಕಸಾಯಿಖಾನೆ, ಆಮೇಲೆ ಕಾಂಜುರ್‌ಮಾರ್ಗದ ಕಸದ ತಾಣ, ದಕ್ಷಿಣದಲ್ಲಿ 1875ರಲ್ಲಿ ತೆರೆದ ಸಸೂನ್ ಡಾಕ್. ನಮ್ಮ ಕರಾವಳಿಯ ಮೊಗವೀರರು ತಲೆಮಾರುಗಳಿಂದ ಈ ನಗರದ ದೋಣಿಗಳಲ್ಲಿ ದುಡಿದವರು. ಬುಟ್ಟಿ ಇಳಿಸುವಾಗ ಜಾರಿ ಬಿದ್ದ ಮೀನಿಗೆ ಹದ್ದೂ ಗರುಡವೂ ಮುಗಿಬೀಳುವ ನೋಟ ಅವರಿಗೆ ಹೊಸದಲ್ಲ. ಪಾಲಿಕೆ 2025ರಲ್ಲಿ ದೇವನಾರ್‌ನ ಸುಮಾರು 185 ಲಕ್ಷ ಟನ್ ಹಳೆಯ ಕಸವನ್ನು ತೆರವುಗೊಳಿಸಲು ಟೆಂಡರ್ ಕರೆಯಿತು. ಗುಡ್ಡ ಕರಗುವುದು ಒಳ್ಳೆಯದೇ. ಆದರೆ ಗುಡ್ಡ ಕರಗಿದರೆ ಅದನ್ನೇ ನಂಬಿದ್ದ ಹಕ್ಕಿಗಳು ಮಾಯವಾಗುವುದಿಲ್ಲ. ಬೇರೆಡೆ ಆಹಾರ ತೆರೆದೇ ಬಿದ್ದಿದ್ದರೆ ಅವು ಗಲ್ಲಿಗಳ ಡ್ರಮ್‌ಗಳ ಬಳಿಗೆ ಬರುತ್ತವೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗುಡ್ಡವನ್ನು ಮಾತ್ರ ಅಗೆದರೆ ಸಮಸ್ಯೆಯ ವಿಳಾಸವಷ್ಟೇ ಬದಲಾಗುತ್ತದೆ.

ದಾರಿಯ ಉದ್ದವೂ ಇಲ್ಲಿ ಗಮನಿಸಬೇಕಾದದ್ದೇ. ಮುಂಬೈಯ ಹದ್ದುಗಳಲ್ಲಿ ಹೆಚ್ಚಿನವು ಇಲ್ಲಿಯೇ ಗೂಡು ಕಟ್ಟಿ ಇಲ್ಲಿಯೇ ಸಾಯುವವು. ಆದರೆ ಚಳಿಗಾಲದಲ್ಲಿ ಮಧ್ಯ ಮತ್ತು ಉತ್ತರ ಏಷ್ಯಾದಿಂದ ಇದೇ ಜಾತಿಯ ಇನ್ನೊಂದು ಪಂಗಡ ಭಾರತ ಉಪಖಂಡಕ್ಕೆ ಇಳಿಯುತ್ತದೆ. ದೆಹಲಿಯ ಕಸದ ಗುಡ್ಡದ ಬಳಿ ಚಳಿಗಾಲ ಕಳೆಯುವ 19 ಹದ್ದುಗಳಿಗೆ ಜಿಪಿಎಸ್ ಕಟ್ಟಿ ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವು ಹಿಮಾಲಯ ಮತ್ತು ಕಾರಕೋರಂ ಶ್ರೇಣಿಗಳನ್ನು ದಾಟಿ 3,300ರಿಂದ 4,800 ಕಿಲೋಮೀಟರ್ ದೂರದ ತವರಿಗೆ ಹೋಗುವುದು ದಾಖಲಾಯಿತು. ನಮ್ಮ ಮೆಡಿಕಲ್ ಅಂಗಡಿಯ ಕಾಯಿದೆ ಆ ಎತ್ತರದಲ್ಲಿ ನಡೆಯುವುದಿಲ್ಲ. ಭಾರತದ ಕಸದಲ್ಲಿ ಏನು ಸೇರುತ್ತದೆ ಎಂಬುದು ಗಡಿಯಾಚೆಯವರಿಗೂ ಸಂಬಂಧಪಟ್ಟ ವಿಷಯವೆಂದು ಹೇಳಲು ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ಹಾಗಿದ್ದರೆ ಹದ್ದು ಅಪಾಯಕಾರಿಯೇ? ಅವುಗಳಿಂದ ಮನುಷ್ಯರಿಗೆ ನೇರವಾಗಿ ತಲುಪುವ ಪಾಲು, ಮನುಷ್ಯರಿಂದ ಮನುಷ್ಯರಿಗೆ, ಆಸ್ಪತ್ರೆಯಿಂದ ಊರಿಗೆ, ಚರಂಡಿಯಿಂದ ನಲ್ಲಿಗೆ ಹರಿಯುವ ಪಾಲಿನ ಎದುರು ಚಿಕ್ಕದು ಎಂಬುದೇ ನನ್ನ ತಿಳಿವಳಿಕೆ. 2011ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನವನ್ನು ನೆನಪಿಸಿಕೊಳ್ಳಬೇಕು. ಕಾರ್ಬಪೆನೆಮ್‌ನಂತಹ ಕೊನೆಗಾಲದ ಔಷಧಗಳನ್ನು ಒಡೆಯುವ ಎನ್‌ಡಿಎಂ-1 ಜೀನನ್ನು ಅಲ್ಲಿ ಬೀದಿಯಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲೂ ನಲ್ಲಿ ನೀರಿನ 50ರ ಪೈಕಿ 2ರಲ್ಲೂ ಕಂಡರು. ಅದಕ್ಕೆ ಯಾವ ಹಕ್ಕಿಯ ನೆರವೂ ಬೇಕಿರಲಿಲ್ಲ. ಆಗ ಈ ಜೀನಿನ ಹೆಸರಿನಲ್ಲಿ (‘ಎನ್‌ಡಿ’ ಎಂದರೆ ನ್ಯೂ ಡೆಲ್ಲಿ) ‘ನವದೆಹಲಿ’ ಸೇರಿಸಿದ್ದರ ಬಗ್ಗೆ ನಮ್ಮಲ್ಲಿ ಎದ್ದ ಗದ್ದಲದಲ್ಲಿ ನೀರಿನ ವಿಷಯ ಹಿಂದೆ ಸರಿಯಿತು, ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. ಮುಂಬೈಯಲ್ಲಿ ವರ್ಲಿ, ಬಾಂದ್ರಾ, ಧಾರಾವಿ, ವರ್ಸೋವಾ, ಮಲಾಡ್, ಘಾಟ್‌ಕೋಪರ್, ಭಾಂಡುಪ್‌ಗಳಲ್ಲಿ ಒಟ್ಟು ದಿನಕ್ಕೆ 246 ಕೋಟಿ ಲೀಟರಿಗೂ ಹೆಚ್ಚು ಕೊಳಚೆ ನೀರನ್ನು ಶುದ್ಧೀಕರಿಸುವ ಏಳು ಹೊಸ ಸ್ಥಾವರಗಳ ಯೋಜನೆಗೆ 2023ರಲ್ಲಿ ಶಿಲಾನ್ಯಾಸವಾಯಿತು. ಆ ಏಳು ಸ್ಥಾವರಗಳು ಪೂರ್ತಿಯಾಗಿ ಕೆಲಸ ಮಾಡುವುದು ಈ ವಿಷಯದಲ್ಲಿ ಯಾವ ಹಕ್ಕಿಯ ಮೇಲಿನ ಕ್ರಮಕ್ಕಿಂತಲೂ ದೊಡ್ಡ ಕೆಲಸ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2025ರಲ್ಲಿ ದಾದರ್‌ನ ಕಬೂತರ್‌ಖಾನೆಗೆ (ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗೆ) ತಾಡಪಾಲು ಹೊದಿಸಿದಾಗ ನಗರ ಎರಡು ಬಣವಾಯಿತು. ಪಾರಿವಾಳದ ಹಿಕ್ಕೆಯಿಂದ ಶ್ವಾಸಕೋಶಕ್ಕೆ ಆಗುವ ತೊಂದರೆ ನಿಜವಾದದ್ದು, ಆದರೆ ಚರ್ಚೆ ಬಹುಬೇಗ ಹಕ್ಕಿ ಪರ, ಹಕ್ಕಿ ವಿರೋಧ ಎಂಬ ಕೂಗಾಟಕ್ಕೆ ಇಳಿಯಿತು. ನಾಳೆ ಹದ್ದಿನ ಕರುಳಿನ ಬ್ಯಾಕ್ಟೀರಿಯಾ ತಲೆಬರಹವಾದರೆ ಅದೇ ಜಾಡಿನಲ್ಲಿ ‘ಗೂಡು ಕಿತ್ತು ಹಾಕಿ, ಮರ ಕಡಿಯಿರಿ’ ಎಂಬ ಬೇಡಿಕೆ ಸೊಸೈಟಿಗಳ ಸಭೆಗಳಲ್ಲಿ ಏಳಬಹುದು. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಹಕ್ಕಿಗಳಿಗೆ ರಕ್ಷಣೆ ಕೊಟ್ಟಿದೆ. ಅದಲ್ಲದೆ, ಕೊಳೆತದ್ದನ್ನು ತಿಂದು ಮುಗಿಸುವ ಹಕ್ಕಿಯನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಈ ದೇಶ ಒಮ್ಮೆ ಅನುಭವಿಸಿದೆ.

ಮಲಬಾರ್ ಹಿಲ್‌ನ ಡೂಂಗರ್‌ವಾಡಿಯಲ್ಲಿ ಪಾರ್ಸಿಗಳು ತಮ್ಮವರ ದೇಹವನ್ನು ರಣಹದ್ದುಗಳಿಗೆ ಒಪ್ಪಿಸುತ್ತಿದ್ದರು. 1990ರ ದಶಕದ ಆರಂಭದಿಂದ ಒಂದೂವರೆ ದಶಕದ ಅವಧಿಯಲ್ಲಿ ಬಿಳಿಬೆನ್ನಿನ ರಣಹದ್ದುಗಳು ದೇಶದಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಅಳಿದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತಿತ್ತು ಎಂಬುದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು. ಡೂಂಗರ್‌ವಾಡಿಯಲ್ಲಿ ಈಗ ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಫಲಕಗಳು ಆ ಕೆಲಸದ ಒಂದು ಭಾಗವನ್ನು ಮಾಡುತ್ತಿವೆ. ರಣಹದ್ದುಗಳು ಅಳಿದುಹೋದ ಜಿಲ್ಲೆಗಳಲ್ಲಿ 2000ರಿಂದ 2005ರವರೆಗೆ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಸಾವುಗಳಾದವೆಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರಿಬ್ಬರ ಅಧ್ಯಯನವೊಂದು ಅಂದಾಜು ಮಾಡಿದೆ. ತೆರವಾಗದೆ ಕೊಳೆತ ಹೆಣಗಳು, ಕೆಟ್ಟ ನೀರು, ಹೆಚ್ಚಿದ ಬೀದಿನಾಯಿಗಳು ಇದಕ್ಕೆ ಅವರು ಕೊಡುವ ಕಾರಣ. ಅಂದು ನಾವು ಪಶುವಿಗೆ ಕೊಟ್ಟ ಔಷಧ ಹಕ್ಕಿಯನ್ನು ಕೊಂದಿತು. ಇಂದು ನಾವು ಕೋಳಿಗೂ ನಮಗೂ ಕೊಟ್ಟುಕೊಂಡ ಔಷಧದ ಫಲ ಹಕ್ಕಿಯ ಕರುಳಿನಲ್ಲಿ ಜೀವಂತವಾಗಿದೆ. ಎರಡೂ ಸಲ ಹಕ್ಕಿ ತಿಂದದ್ದು ನಾವು ಎಸೆದದ್ದನ್ನೇ.

ಕೋಳಿಯ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಮುಂಬೈಗೆ ಬರುವ ಬ್ರಾಯ್ಲರ್ ಕೋಳಿಗಳು ರಾಯಗಡ, ಪುಣೆ, ನಾಸಿಕ್ ಕಡೆಯ ಫಾರಂಗಳವು. ಇಕ್ಕಟ್ಟಿನ ಶೆಡ್ಡಿನಲ್ಲಿ ಸಾವಿರಾರು ಮರಿಗಳನ್ನು ಆರು ವಾರಗಳೊಳಗೆ ಮಾರಾಟದ ತೂಕಕ್ಕೆ ತರಬೇಕಾದಾಗ ರೋಗ ಬಾರದಿರಲೆಂದು, ಬೇಗ ಬೆಳೆಯಲೆಂದು ಆಹಾರ ನೀರಿನಲ್ಲೇ ಆ್ಯಂಟಿಬಯಾಟಿಕ್ ಬೆರೆಸುವ ಪದ್ಧತಿ ಈ ಉದ್ಯಮದಲ್ಲಿ ಬಹುಕಾಲದಿಂದ ಇದೆ. ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ದೆಹಲಿ ಸುತ್ತಮುತ್ತಲಿನ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿ ನೂರಕ್ಕೆ 40ರಲ್ಲಿ ಔಷಧದ ಉಳಿಕೆ ಕಂಡಿತು. ಕೊಲಿಸ್ಟಿನ್‌ಗೆ ಬಗ್ಗದ ಎಂಸಿಆರ್-1 ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ಸಿಕ್ಕಿದ ಮೇಲೆ ಜಗತ್ತು ಎಚ್ಚೆತ್ತಿತು. ಭಾರತ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ, ಮೀನು ಸಾಕಣೆಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಅದು ಸರಿಯಾದ, ಧೈರ್ಯದ ತೀರ್ಮಾನವಾಗಿತ್ತು. ಮಾಂಸ ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ತಿನ್ನುವ ಮಟ್ಟಿಗೆ ನಾವು ಸುರಕ್ಷಿತ. ಬೇಯದೆ ಹೊರಗೆ ಹೋಗುವುದು ಕರುಳು, ಮತ್ತು ಆ ಬ್ಯಾಕ್ಟೀರಿಯಾಗಳ ಮನೆಯೇ ಕರುಳು. ನೀಲಿ ಡ್ರಮ್ಮಿನಲ್ಲಿ ಇರುವುದು ಅದೇ.

ನಮ್ಮ ಪಾಲೂ ಕಡಿಮೆಯದೇನಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯಂತೆ ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರು, ರೋಗಿಯ ಹೆಸರು, ಔಷಧದ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಗುಳಿಗೆಯ ಪಟ್ಟಿಯ ಬೆನ್ನಿನ ಮೇಲಿನ ಕೆಂಪು ಗೆರೆ ‘ವೈದ್ಯರ ಚೀಟಿಯಿಲ್ಲದೆ ಕೊಡಬಾರದು’ ಎಂದು ಹೇಳಲೆಂದೇ ಇರುವುದು. ಆದರೂ ಗಂಟಲು ಕೆರೆದರೆ ಅಜಿಥ್ರೋಮೈಸಿನ್ 500ರ ಮೂರು ಗುಳಿಗೆಯ ಪಟ್ಟಿಯನ್ನು ಹೆಸರು ಹೇಳಿ ಕೇಳಿ ಪಡೆಯುವುದು ನಮ್ಮ ನಡುವೆ ಎಷ್ಟು ಸಲೀಸು ಎಂಬುದು ಎಲ್ಲರಿಗೂ ಗೊತ್ತು. ಅವಧಿ ಮೀರಿದ ಗುಳಿಗೆಗಳು ಹಸಿ ಕಸದ ಬುಟ್ಟಿಗೋ ಶೌಚಾಲಯಕ್ಕೋ ಹೋಗುತ್ತವೆ. ಅಲ್ಲಿ ಕೊಲ್ಲಲಾರದಷ್ಟು ತೆಳುವಾಗಿ ಕರಗಿದ ಔಷಧ, ಬಗ್ಗದ ಬ್ಯಾಕ್ಟೀರಿಯಾವನ್ನು ಆರಿಸಿ ಬೆಳೆಸುವಷ್ಟು ಮಾತ್ರ ಉಳಿದಿರುತ್ತದೆ. ಇದರ ಒಟ್ಟು ಬೆಲೆಯನ್ನು ಲ್ಯಾನ್ಸೆಟ್ ಪತ್ರಿಕೆ 2024ರಲ್ಲಿ ಪ್ರಕಟಿಸಿತು: 2021ರ ಒಂದೇ ವರ್ಷದಲ್ಲಿ ಔಷಧ ನಿರೋಧಕ ಸೋಂಕುಗಳೇ ನೇರ ಕಾರಣವಾದ ಸಾವುಗಳು ಜಗತ್ತಿನಲ್ಲಿ 11.4 ಲಕ್ಷ.

ಇಷ್ಟಾದರೂ ಹದ್ದಿನ ಕಡೆ ನೋಡಬೇಕೆಂದು ನಾನು ಹಟ ಹಿಡಿಯುವುದು ಯಾಕೆಂದರೆ, ಅದು ಔಷಧ ತೆಗೆದುಕೊಳ್ಳದೆಯೇ ಇಡೀ ವಾರ್ಡಿನ ಕಸವನ್ನು ಪ್ರತಿನಿತ್ಯ ತಪಾಸಣೆ ಮಾಡುತ್ತಿರುವ ಜೀವಿ. ಒಂದು ಪ್ರದೇಶದ ಹದ್ದಿನಲ್ಲಿ ಹೊಸ ನಿರೋಧಕ ಜೀನ್ ಕಂಡಿತೆಂದರೆ ಅದು ಅಲ್ಲಿನ ಮಣ್ಣು, ನೀರು, ಆಹಾರದಲ್ಲಿ ಆಗಲೇ ಹರಡಿರುವ ಸಾಧ್ಯತೆ ಹೆಚ್ಚು. ನಮ್ಮ ಆಸ್ಪತ್ರೆಗಳ ಸೋಂಕುಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲ 2013ರಿಂದ ಗಮನಿಸುತ್ತಿದೆ. ಸಾಕುಪ್ರಾಣಿ ಮತ್ತು ಮೀನುಗಳಿಗೆ ಕೃಷಿ ಸಂಶೋಧನಾ ಮಂಡಳಿಯ ಬೇರೊಂದು ಜಾಲವಿದೆ. ಈ ಎರಡರ ನಡುವಿನ ಜಾಗ, ಅಂದರೆ ಕಸ, ಗಟಾರ, ಇಲಿ, ಕಾಗೆ, ಗೂಬೆ, ಹದ್ದು ಇರುವ ಜಾಗ, ಹೆಚ್ಚಿನಂಶ ಯಾರ ಮೇಜಿಗೂ ಸೇರಿಲ್ಲ.

ಅದನ್ನು ತುಂಬುವುದಕ್ಕೆ ಹದ್ದುಗಳ ಬೆನ್ನು ಹತ್ತಬೇಕಾಗಿಲ್ಲ, ಅವೇ ನಮ್ಮ ಕೈಗೆ ಬರುತ್ತವೆ. ಸಂಕ್ರಾಂತಿಯ ವಾರ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹಕ್ಕಿಗಳು ಈ ನಗರದ ಪ್ರಾಣಿ ಆಸ್ಪತ್ರೆಗಳಿಗೆ ಪ್ರತಿವರ್ಷ ಬರುತ್ತವೆ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಬರುತ್ತಲೇ ಇವೆ. ಈ ಜನವರಿಯಲ್ಲಿ ನಮ್ಮ ತಾರಸಿಗೂ ಒಂದು ಬಿತ್ತು. ಬಲರೆಕ್ಕೆಯ ಬುಡದಲ್ಲಿ ದಾರ ಮೂಳೆಯವರೆಗೆ ಇಳಿದಿತ್ತು. ನಾನು ಬರಿಗೈಯಲ್ಲಿ ಎತ್ತಲು ಹೋದಾಗ ಪಕ್ಕದ ಮನೆಯ ಶೆಟ್ರು, ‘ಮಾರಾಯ್ರೇ, ಕೈ ಹಾಕಬೇಡಿ, ಟವೆಲ್ ತರ್ತೇನೆ’ ಎಂದು ಓಡಿ ಹೋಗಿ ದಪ್ಪ ಟವೆಲೊಂದನ್ನು ತಂದರು. ಅದನ್ನು ತಲೆಯ ಮೇಲೆ ಹೊದಿಸಿದೊಡನೆ ಅಷ್ಟು ಹೊತ್ತು ಸಿಡಿಮಿಡಿಗೊಂಡಿದ್ದ ಹಕ್ಕಿ ತಣ್ಣಗಾಯಿತು. ಎರಡೂ ಕೈಗಳಲ್ಲಿ ಎತ್ತಿದರೆ ಏನೂ ಭಾರವಿಲ್ಲ, ಎದೆ ಮಾತ್ರ ಟವೆಲಿನಾಚೆಗೂ ಡಬಡಬ ಬಡಿಯುತ್ತಿತ್ತು. ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ರಿಕ್ಷಾದಲ್ಲಿ ಒಯ್ದೆವು, ಬಂದು ಮೊಣಕೈವರೆಗೆ ಸಾಬೂನು ಹಾಕಿ ತೊಳೆದುಕೊಂಡೆವು.

ಆಸ್ಪತ್ರೆಯ ಮೇಜಿನ ಮೇಲೆ ವೈದ್ಯರು ಅದಕ್ಕೆ ಮೊದಲು ಕೊಟ್ಟದ್ದು ಆ್ಯಂಟಿಬಯಾಟಿಕ್ ಇಂಜೆಕ್ಷನ್. ಗಾಯಕ್ಕೆ ಅದು ಬೇಕೇ ಬೇಕು. ಆದರೆ ಆ ಸೂಜಿಗೆ ಮುನ್ನ ಅರ್ಧ ನಿಮಿಷ ತೆಗೆದು ಹತ್ತಿಯ ಕಡ್ಡಿಯಲ್ಲಿ ಒಂದು ಮಾದರಿ ತೆಗೆದಿದ್ದರೆ ನಮ್ಮ ವಾರ್ಡಿನ ಕಸದ ಬಗ್ಗೆ ಒಂದು ನಂಬಬಹುದಾದ ಉತ್ತರ ಸಿಗುತ್ತಿತ್ತು. ಸೂಜಿಯಾದ ಮೇಲೆ ತೆಗೆದರೆ ಆ ಉತ್ತರ ಕೆಡುತ್ತದೆ. ಪ್ರತಿ ಜನವರಿಯಲ್ಲಿ, ನಗರದ ಬೇರೆ ಬೇರೆ ಮೂಲೆಗಳಿಂದ, ಎಲ್ಲಿ ಸಿಕ್ಕಿತೆಂಬ ವಿಳಾಸದ ಸಹಿತ ಬರುವ ಈ ಹಕ್ಕಿಗಳ ಮಾದರಿಗಳನ್ನು ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡಿಗೆ ದೊಡ್ಡ ಹಣ ಬೇಡ, ಪಾಲಿಕೆ, ಅರಣ್ಯ ಇಲಾಖೆ, ಆಸ್ಪತ್ರೆಗಳು ಕೂತು ಒಂದು ಆದೇಶ ಮಾಡಿಕೊಂಡರೆ ಸಾಕು. ಕೇರಳ 2018ರಲ್ಲಿ ಔಷಧ ನಿರೋಧಕತೆಯನ್ನು ಎದುರಿಸಲು ತನ್ನದೇ ರಾಜ್ಯ ಕ್ರಿಯಾ ಯೋಜನೆ ಮಾಡಿಕೊಂಡಿತು. ಮಹಾರಾಷ್ಟ್ರದ ರಾಜಧಾನಿಗೆ ಇಷ್ಟು ಚಿಕ್ಕ ಹೆಜ್ಜೆ ಅಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ಹದ್ದಿನ ರೆಕ್ಕೆಗೆ ಒಂಬತ್ತು ಹೊಲಿಗೆ ಬಿದ್ದವು. ಮುಂದಿನ ಭಾನುವಾರದ ಸೊಸೈಟಿ ಸಭೆಯಲ್ಲಿ ಶೆಟ್ರು ಎರಡು ವಿಷಯ ಎತ್ತಿದರು. ಟಾಂಕಿಗೆ ಕಬ್ಬಿಣದ ಹೊಸ ಮುಚ್ಚಳ ಹಾಕಿಸುವುದು ಅಂದೇ ಪಾಸಾಯಿತು. ಕೋಳಿ ಅಂಗಡಿಯವನಿಗೆ ಮುಚ್ಚಳವಿರುವ ಡ್ರಮ್ ಕೊಡಿಸಿ, ಗಾಡಿಯನ್ನು ಎಂಟೂವರೆಗೇ ಕಳಿಸುವಂತೆ ವಾರ್ಡ್ ಕಚೇರಿಗೆ ಅರ್ಜಿ ಕೊಡುವುದು ಎರಡನೆಯದು. ಡ್ರಮ್ಮಿಗೆ ಮುಚ್ಚಳ ಬಂದಿದೆ. ಗಾಡಿ ಇನ್ನೂ ಹನ್ನೊಂದರ ಮೇಲೆಯೇ ಬರುತ್ತಿದೆ, ಅರ್ಜಿಯ ನಕಲನ್ನು ನಾವು ಈ ವಾರ ಮತ್ತೆ ಕೊಟ್ಟು ಬಂದಿದ್ದೇವೆ.